ಸೈದಪ್ಪ ಮಾಸ್ತರರ ಮುಯ್ಯಾಳಿನ ಆಟ

ನೆಲೋಗಿಯ ನಮ್ಮ ಪ್ರೌಢಶಾಲೆಯಲ್ಲಿ ರೋಬೋಟು ಕೆಟ್ಟರೆ ನನ್ನನ್ನು ಕರೆಯುತ್ತಾರೆ, ಹುಡುಗರು ಹದ ತಪ್ಪಿದರೆ ಸೈದಪ್ಪ ಮಾಸ್ತರರನ್ನು ಕರೆಯುತ್ತಾರೆ. ನಾನು ಸುವರ್ಣಾ, ವಿಜ್ಞಾನ ಕಲಿಸುವವಳು. ಅವರು ಪಿ.ಟಿ. ಮಾಸ್ತರರು. ಇಷ್ಟು ಸ್ಪಷ್ಟವಾಗಿರುವ ಲೆಕ್ಕವನ್ನು ನಮ್ಮ ಹೆಡ್‌ಮಾಸ್ತರರು ಒಂದೇ ದಿನದಲ್ಲಿ ಕಲಸುಮೇಲೋಗರ ಮಾಡಿಬಿಟ್ಟರು.

ದೀಪಾವಳಿ ರಜೆ ಮುಗಿದ ಮೇಲೆ ವಿಜ್ಞಾನ ಶಿಕ್ಷಕರ ಬಳಗದಿಂದ ಒಂದು ಸುತ್ತೋಲೆ ಬಂತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಶಾಲೆಗಳಿಗೆ ಮುಂದಿನ ವರ್ಷ ರೋಬೋಟ್ ಸ್ಪರ್ಧೆ ನಡೆಸುತ್ತೇವೆ, ಅದಕ್ಕೊಂದು ಹೊಸ ಆಟ ಬೇಕು, ಯಾವ ಶಾಲೆಯವರಾದರೂ ರೂಪಿಸಿ ಕಳಿಸಬಹುದು ಎಂದು ಅದರಲ್ಲಿತ್ತು. ಹೆಡ್‌ಮಾಸ್ತರರು ಅದನ್ನು ನೇರವಾಗಿ ಸೈದಪ್ಪ ಮಾಸ್ತರರ ಕೈಗಿಟ್ಟರು. ನಾನು ಹೋಗಿ ಕೇಳಿದ್ದಕ್ಕೆ "ಆಟ ಅಂದ್ರ ಪಿ.ಟಿ. ಮಾಸ್ತರ್ದು ಖಾತೆ ಅಲ್ಲೇನ್ರಿ ಟೀಚರ?" ಎಂದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮವ್ವ ಹೇಳುತ್ತಿದ್ದಳು, ಸುಳ್ಳಲ್ಲ. ಇಬ್ಬರ ಜೊತೆಗೂ ಮಾತು ಬಿಟ್ಟೆ.

ಒಂದು ಮಧ್ಯಾಹ್ನ ಮಾಸ್ತರರೇ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಗುಡಿಗೆ ಬಂದವರ ಹಾಗೆ ಚಪ್ಪಲಿ ಹೊರಗೆ ಬಿಟ್ಟಿದ್ದರು.

"ಟೀಚರ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳ್ರಿ."

"ಈ ನಿಮ್ಮ ರೋಬೋಟಿಗೆ ಏನ್ ಬರಂಗಿಲ್ಲ?"

ಲ್ಯಾಬಿಗೆ ಬಂದವರೆಲ್ಲ ಇದಕ್ಕೆ ಏನೇನು ಬರುತ್ತದೆ ಎಂದು ಕೇಳುತ್ತಾರೆ. ಏನು ಬರುವುದಿಲ್ಲ ಎಂದು ಕೇಳಿದವರು ಇವರೊಬ್ಬರೇ. ಮಾತು ಬಿಟ್ಟದ್ದು ಮರೆತೇ ಹೋಯಿತು, ಹೇಳತೊಡಗಿದೆ. ನಮ್ಮ ಮಕ್ಕಳ ರೋಬೋಟಿಗೆ ಸಿನಿಮಾದಲ್ಲಿರುವಂತೆ ಕೈಕಾಲು, ಕಣ್ಣು ಏನೂ ಇಲ್ಲ. ನಾಲ್ಕು ಗಾಲಿ, ಎರಡು ಮೋಟಾರು, ಮುಂದೊಂದು ಕೊಕ್ಕೆ, ಬೆನ್ನ ಮೇಲೆ ಬ್ಯಾಟರಿ. ಮೊಬೈಲಿನಲ್ಲಿ ಒತ್ತಿದ ಕಡೆ ಓಡುತ್ತದೆ. ಭಾರವಾದದ್ದನ್ನು ಎಳೆಯಲಾರದು, ನುಣುಪಾದ ನೆಲದಲ್ಲಿ ಜಾರುತ್ತದೆ, ತಿರುಗುವಾಗ ತಡವರಿಸುತ್ತದೆ. ಮಾಸ್ತರರು ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಛಲೋ ಆತು ಬಿಡ್ರಿ. ಆಟ ಅನ್ನೂದು ಬರಲಾರದ್ರಾಗೇ ಇರ್ತದ. ಎಲ್ರಿಗೂ ದಿನಾ ಪೂರ್ತಿ ಉಸುರು ಹಿಡಿಲಾಕ ಬರ್ತಿತ್ತಂದ್ರ ಕಬಡ್ಡಿ ಯಾರ್ ನೋಡ್ತಿದ್ರು?"

ಅವತ್ತಿನಿಂದ ನಾವಿಬ್ಬರೂ ಜೊತೆಗೆ ಕೂತೆವು. ನನ್ನ ಸಿಟ್ಟು ಹೋಯಿತೆಂದಲ್ಲ, ಅದನ್ನು ಹೆಡ್‌ಮಾಸ್ತರರೊಬ್ಬರ ಪಾಲಿಗೇ ಪೂರ್ತಿಯಾಗಿ ಎತ್ತಿಟ್ಟೆ.

ಸೈದಪ್ಪ ಮಾಸ್ತರರು ನೆಲೋಗಿಯಲ್ಲೇ ಹುಟ್ಟಿ ಬೆಳೆದವರು. ಹರೆಯದಲ್ಲಿ ಕಬಡ್ಡಿಯ ಹುಲಿಯಂತೆ, ಜೇವರ್ಗಿಯ ತಂಡದಲ್ಲಿ ಆಡುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಆಡುವುದು ಬಿಟ್ಟು ಆಡಿಸುವುದು ಹಿಡಿದರು. ಅಫಜಲಪುರದ ಕಡೆ ಕೆಲವು ವರ್ಷ, ಆಳಂದದ ಕಡೆ ಕೆಲವು ವರ್ಷ ನೌಕರಿ ಮಾಡಿ ಕೊನೆಗೆ ಸ್ವಂತ ಊರಿಗೆ ಬಂದರು. ಈ ಮೂರು ತಾಲೂಕಿನಲ್ಲಿ ಖೋಖೋ ಆಡಿದವರು ಯಾರೇ ಇರಲಿ, ಒಮ್ಮೆಯಾದರೂ ಅವರ ಸೀಟಿಗೆ ಔಟಾಗಿರಲೇಬೇಕು. ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ಹಣ್ಣಾಗಿರುವ ಗಂಡಸರು ಎದುರು ಬಂದು "ಸರ, ಅವತ್ತ ನಾ ಖರೇನೇ ಔಟ್ ಇದ್ದಿಲ್ರಿ" ಎನ್ನುತ್ತಾರೆ. "ಇದ್ದಿ ಲೇ" ಎಂದು ಮಾಸ್ತರರು ಮುಂದೆ ನಡೆಯುತ್ತಾರೆ. ಸೀಟಿ ಊದಿದ ಮೇಲೆ ಮಾತಿಲ್ಲ ಎನ್ನುವುದು ಅವರ ಧರ್ಮ. ಸ್ವಂತ ತಂಗಿಯ ಮಗನನ್ನು ಫೈನಲ್ಲಿನಲ್ಲಿ ಹೊರಗೆ ಕಳಿಸಿ ಎಷ್ಟೋ ದಿನ ತಂಗಿಯ ಮನೆಯ ಊಟ ಕಳೆದುಕೊಂಡವರು.

ಅವರಿಗೆ ಇನ್ನೊಂದು ಗೀಳಿದೆ. ದಾರಿಯಲ್ಲಿ ಹುಡುಗರು ಏನನ್ನಾದರೂ ಆಡುತ್ತಿದ್ದರೆ ನಿಂತುಬಿಡುತ್ತಾರೆ. ಒಂದೂರಿನ ಲಗೋರಿಗೂ ಪಕ್ಕದೂರಿನ ಲಗೋರಿಗೂ ನಿಯಮ ಬೇರೆ ಯಾಕೆ, ಚಿಣಿಫಣಿ ಎನ್ನುವ ಗಿಲ್ಲಿದಾಂಡಿನಲ್ಲಿ ಈ ಹುಡುಗರು ಹಿಂಗ್ಯಾಕೆ ಅಳೆಯುತ್ತಾರೆ ಎಂದು ಕೇಳುತ್ತ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಜೊತೆಗಿದ್ದವರ ಬಸ್ಸನ್ನೂ ತಪ್ಪಿಸುತ್ತಾರೆ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಲ್ಯಾಬಿನಲ್ಲಿ ಕೂತು ಗಾಲಿಗೆ ಸ್ಕ್ರೂ ಹಾಕುತ್ತಿದ್ದಾಗ ಒಮ್ಮೆ ತಾವಾಗಿಯೇ ಹೇಳಿದರು.

"ಮಂದಿ ಆಟಕ್ಕ ಸೀಟಿ ಊದಿ ಊದಿ ಸಾಕಾಗ್ಯದ ಟೀಚರ. ನಂದೂ ಒಂದು ಆಟ ಇರಬೇಕು ನೋಡ್ರಿ. ನಾ ಮನಿಗಿ ಹ್ವಾದ ಮ್ಯಾಲೂ ಹುಡುಗುರು ಅದನ್ನ ಆಡ್ತಿರಬೇಕು. ಅಷ್ಟೇ."

ಅಷ್ಟೇ ಎಂದದ್ದು ಬಾಯಿಮಾತಿಗೆ. ಅವರ ಮುಖ ನೋಡಿದರೆ ಅದು ಅಷ್ಟೇ ಅಲ್ಲ, ಅದೇ ಎಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಆದರೆ ಆಟ ಹುಟ್ಟಿಸುವುದು ಹುಡುಗಾಟವಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗುತ್ತಿತ್ತು ನಮ್ಮದು. ಮೊದಲು ಅವರು ಭೂಸನೂರಿನ ತಂಗಿಯ ಮನೆಗೆ ಹೋಗಿ ಬಂದು, ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಕಬ್ಬಿನ ಟ್ರ್ಯಾಕ್ಟರುಗಳನ್ನು ಕಂಡು, ರೋಬೋಟುಗಳಿಂದ ಕಬ್ಬು ಸಾಗಿಸೋಣ ಎಂದರು. ಕಬ್ಬಿನ ಬದಲು ಜೋಳದ ದಂಟಿನ ತುಂಡು ಇಟ್ಟೆವು. ದಂಟಿನ ಸಿಪ್ಪೆ ಗಾಲಿಗೆ ಸುತ್ತಿಕೊಂಡಿತು. ಅದನ್ನಾದರೂ ಸರಿ ಮಾಡಬಹುದಿತ್ತು. ಮೊದಲು ಬಂದ ರೋಬೋಟು ಗೇಟಿನಲ್ಲಿ ಅಡ್ಡ ನಿಂತರೆ ಹಿಂದಿನದು ಅಲ್ಲೇ ಕೊಳೆಯಬೇಕು, ಅದಕ್ಕೆ ಮದ್ದು ಸಿಗಲಿಲ್ಲ. "ಒಬ್ಬ ಆಡಿ ಒಬ್ಬ ನೋಡಿದ್ರ ಅದು ಆಟಲ್ರಿ, ಸಿನಿಮಾ" ಎಂದು ಮಾಸ್ತರರೇ ಅದನ್ನು ಕೈಬಿಟ್ಟರು.

ಆಮೇಲೆ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೊಳೆಯಿತು. ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುತ್ತಾರಲ್ಲ, ರೋಬೋಟೂ ಹಾಗೆಯೇ ಕರವಸ್ತ್ರ ಎಸೆದು ಸೀಟು ಹಿಡಿಯಲಿ! ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಮ್ಮ ರೋಬೋಟು ಕರವಸ್ತ್ರವನ್ನು ತನ್ನ ಮೇಲೆಯೇ ಎಸೆದುಕೊಂಡು, ಅದರ ತುದಿ ಗಾಲಿಗೆ ಸಿಕ್ಕಿ, ಗೋಡೆಗೆ ಹೋಗಿ ಗುದ್ದಿತು. "ಇದರಿಂದ ಮಕ್ಕಳು ಏನ್ ಕಲೀತಾರ್ರಿ ಸರ?" ಎಂದು ಕೇಳಿದೆ. "ಜೀವನ" ಎಂದರು. ಬಳಗದವರು ನಮ್ಮನ್ನು ಊರು ಬಿಡಿಸುತ್ತಾರೆಂದು ನಾನು ಒಪ್ಪಲಿಲ್ಲ.

ತೊಗರಿ ಕೊಯ್ಲಿನ ಕಾಲ ಬಂತು. ಒಂದು ಮುಂಜಾನೆ ಮಾಸ್ತರರ ಮನೆಯವರು ನಿಂಬೆವ್ವ ಮೈತುಂಬ ಶಾಲು ಹೊದ್ದು, ಕೈಯಲ್ಲಿ ಕುಡುಗೋಲು ಹಿಡಿದು ಹೊರಟರಂತೆ. ಹಿಂದಿನ ದಿನದಿಂದ ಅವರಿಗೆ ಜ್ವರ.

"ಮೈ ಕೆಂಡ ಆಗ್ಯದ, ಎಲ್ಲಿ ಹೊಂಟಿ ಬೇ?" ಎಂದು ಮಾಸ್ತರರು ತಡೆದರು.

"ಪ್ಯಾರಿಬಿ ಮೊನ್ನಿ ನಮ್ಮ ಹೊಲಕ್ಕ ಬಂದಿದ್ಳು. ಇವತ್ತ ಆಕಿ ಹೊಲದಾಗ ಕೊಯ್ಲು ಅದ. ಮುಯ್ಯಾಳು ಉಳಸ್ಕೊಂಡು ನಾ ಮನ್ಯಾಗ ಕುಂತ್ರ ತುತ್ತು ಇಳೀತದೇನು?"

ಮುಯ್ಯಾಳು ಎಂದರೆ ನಮ್ಮಲ್ಲಿ ಕೂಲಿಯಿಲ್ಲದ ಕೂಲಿ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ಯಾರೂ ಬರೆದಿಡುವುದಿಲ್ಲ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ತೀರಿಸದೆ ಉಳಿದವರನ್ನು ನಾನಂತೂ ಕಂಡಿಲ್ಲ. ನಿಂಬೆವ್ವ ಜ್ವರದಲ್ಲೇ ಹೋದರು. ಪ್ಯಾರಿಬಿ ಬೈದು ಅವರನ್ನು ಬದುವಿನ ಮೇಲೆ ಕೂರಿಸಿದಳಂತೆ, ಅದು ಬೇರೆ ಮಾತು.

ಮಾಸ್ತರರು ಅವತ್ತು ಪ್ರಾರ್ಥನೆಗೂ ಮೊದಲೇ ಲ್ಯಾಬಿಗೆ ನುಗ್ಗಿದರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

"ಟೀಚರ, ಎದುರಾಳಿ ಅಂಗಳಕ್ಕ ಹೋಗಿ ಅವ್ನ ಕೆಲಸ ಮಾಡಿ ಬರೂ ಆಟ ಯಾವ್ದರೆ ಅದ ಏನ್ರಿ?"

ನಾನು ಯೋಚಿಸಿದೆ. ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಹೋಗುವುದು ಮುಟ್ಟಿ ಓಡಿಬರಲು. ಫುಟ್‌ಬಾಲಿನಲ್ಲಿ ಗೋಲು ಹೊಡೆಯಲು. ಹೋಗಿ, ಕೆಲಸ ಮಾಡಿಕೊಟ್ಟು, ಮರ್ಯಾದೆಯಿಂದ ಮನೆಗೆ ಬರುವ ಆಟ ಒಂದೂ ನೆನಪಾಗಲಿಲ್ಲ. ನನಗೂ ಮೈ ಜುಮ್ಮೆಂದಿತು.

ಹೀಗೆ ಹುಟ್ಟಿತು ಮುಯ್ಯಾಳಿನ ಆಟ. ದೊಡ್ಡದೊಂದು ಹಲಗೆ, ನಡುವೆ ಹಗ್ಗ, ಆಚೆಗೊಂದು ಹೊಲ, ಈಚೆಗೊಂದು ಹೊಲ. ಪ್ರತಿ ಹೊಲದಲ್ಲಿ ತೊಗರಿ ಹೊಟ್ಟು ತುಂಬಿದ ಸಣ್ಣ ಸಣ್ಣ ಗಂಟುಗಳು, ನಿಂಬೆವ್ವ ಹೊಲಿದು ಕೊಟ್ಟದ್ದು. ರೋಬೋಟು ಅವನ್ನು ಮೂಲೆಯಲ್ಲಿರುವ ತನ್ನ ಕಣಕ್ಕೆ ಎಳೆದು ಹಾಕಬೇಕು, ಗಂಟಿಗಿಷ್ಟು ಅಂಕ. ಜೊತೆಗೆ ಪ್ರತಿ ಹೊಲದಲ್ಲೂ ಒಂದು ದೊಡ್ಡ ಮೂಟೆ, ಒಳಗೆ ಮರಳು. ಅದಕ್ಕೆ ಅಂಕ ಬಹಳ, ಆದರೆ ಒಂದು ರೋಬೋಟಿಗೆ ಅದು ಜಗ್ಗುವುದಿಲ್ಲ. ಪಕ್ಕದ ಹೊಲದ ರೋಬೋಟನ್ನು ಕರೆಯಬೇಕು. ಎರಡೂ ಕೂಡಿ ಎಳೆದರೆ ಬರುತ್ತದೆ. ಅಂಕ ಮಾತ್ರ ಹೊಲದವರಿಗೆ. ಬಂದವರಿಗೆ ಏನೂ ಇಲ್ಲ, ತಮ್ಮ ಹೊಲಕ್ಕೆ ಇವರು ಬರುತ್ತಾರೆ ಎಂಬ ನಂಬಿಕೆ ಬಿಟ್ಟರೆ.

"ಇದ್ರಾಗ ಮಜಾ ಎಲ್ಲದ ಗೊತ್ತೇನ್ರಿ?" ಮಾಸ್ತರರು ಕಣ್ಣು ಮಿಟುಕಿಸಿದರು. "ಕರಸ್ಕೊಂಡು ತಿರುಗಿ ಹೋಗಲಾರದ ಬೆರಕಿ ಒಬ್ಬ ಇದ್ದೇ ಇರ್ತಾನ. ಆ ಆಟ ಅಂವ ಗೆಲ್ತಾನ. ಮುಂದಿನ ಆಟಕ್ಕ ಅವ್ನ ಹೊಲಕ್ಕ ಯಾರೂ ಕಾಲಿಡಂಗಿಲ್ಲ. ಆಗ ಗೊತ್ತಾಗ್ತದ ಮಗಗ!"

ನನಗೆ ಇದು ಬಹಳ ಜಾಣತನ ಎನ್ನಿಸಿತು. ನಿಯಮ ಬರೆದು, ಚಿತ್ರ ತೆಗೆದು ಕಳಿಸಿದೆ. ಬಳಗದ ಪರವಾಗಿ ತೀರ್ಪು ಕೊಡುವವರು ಬಸವೇಶ್ವರಿ ಮೇಡಂ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುವವರು. ಅವರು ಫೋನು ಮಾಡಿ, ಬಂದವುಗಳಲ್ಲಿ ಎರಡು ಆಟ ಉಳಿದಿವೆ ಎಂದರು. ಒಂದು ನಮ್ಮದು. ಇನ್ನೊಂದು ಚೆಂಡು ಎತ್ತಿ ಬುಟ್ಟಿಗೆ ಹಾಕುವುದು. ಎರಡನ್ನೂ ಚೌಡಾಪುರದ ಶಾಲೆಯಲ್ಲಿ ಮಕ್ಕಳಿಂದ ಆಡಿಸಿ ನೋಡಿ, ಅಲ್ಲೇ ಒಂದನ್ನು ಆರಿಸುವುದಾಗಿ ಹೇಳಿದರು. ಮಾಸ್ತರರು ಆ ದಿನಕ್ಕೆಂದು ಹೊಸ ಅಂಗಿ ಹೊಲಿಸಿದರು.

ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವ ಮಂದಿಯ ನಡುವೆ ಹಲಗೆ ಹೊತ್ತು ಬಸ್ಸಿಳಿದೆವು. ಮೊದಲು ಚೆಂಡು-ಬುಟ್ಟಿ ಆಯಿತು. ಹುಡುಗರು ಕೂಗಿದರು, ಒಬ್ಬರು ಗೆದ್ದರು, ಒಬ್ಬರು ಸೋತರು, ಯಾವ ತಕರಾರೂ ಇಲ್ಲ. ಆಮೇಲೆ ನಮ್ಮದು. ಒಂದು ಕಡೆ ಭೂಸನೂರಿನ ಶಾಲೆ, ಮೊಬೈಲು ಹಿಡಿದವಳು ಒಂಬತ್ತನೇ ತರಗತಿಯ ಹಜರಾಬಿ. ಇನ್ನೊಂದು ಕಡೆ ಚೌಡಾಪುರದ ಶಾಲೆ, ಅಲ್ಲಿ ಶಿವಪ್ರಕಾಶ ಎಂಬ ಹುಡುಗ. ಇಬ್ಬರಿಗೂ ನಿಯಮಗಳನ್ನು ಅಲ್ಲೇ ಓದಿ ಹೇಳಿದೆವು.

ಮಾಸ್ತರರು ಸೀಟಿ ಊದಿದರು. ಸಣ್ಣ ಗಂಟುಗಳು ಬೇಗ ಬೇಗ ಕಣ ಸೇರಿದವು. ಹಜರಾಬಿ "ಬರ್ರೆಪ್ಪೋ ನಮ್ಮ ಹೊಲಕ್ಕ!" ಎಂದು ಕೂಗಿದಳು. ಶಿವಪ್ರಕಾಶನ ರೋಬೋಟು ಹಗ್ಗ ದಾಟಿ ಬಂತು. ಮೊದಲು ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಮೂಟೆ ಇದ್ದಲ್ಲೇ ಗಿರಕಿ ಹೊಡೆಯಿತು. ಆಮೇಲೆ ಇಬ್ಬರೂ ಬಾಯಲ್ಲಿ ಎಣಿಸಿ ಒಟ್ಟಿಗೆ ಒತ್ತಿದಾಗ ಅದು ಅಲುಗಿತು. ನೆರೆದವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅದು ಕಣ ಸೇರಿದಾಗ ಚಪ್ಪಾಳೆಯೋ ಚಪ್ಪಾಳೆ. ಮಾಸ್ತರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಈಗ ನೋಡ್ರಿ ಬೆರಕಿತನ ಎನ್ನುವ ಹಾಗೆ.

ಹಜರಾಬಿಯ ರೋಬೋಟು ಒಂದು ಗಳಿಗೆಯೂ ನಿಲ್ಲದೆ ಶಿವಪ್ರಕಾಶನ ಹೊಲಕ್ಕೆ ಹೋಗಿ ಅವನ ಮೂಟೆಗೆ ಕೊಕ್ಕೆ ಹಾಕಿತು. ಎರಡೂ ಹೊಲ ಖಾಲಿ, ಅಂಕ ಸಮ.

ಮತ್ತೆ ಆಡಿಸಿದೆವು, ಈ ಸಲ ಮೊದಲು ಕರೆದವನು ಶಿವಪ್ರಕಾಶ. ಸಮ. ಬೇರೆ ಮಕ್ಕಳನ್ನು ನಿಲ್ಲಿಸಿದೆವು. ಅವರೂ ಸಮ. ಯಾರು ಮೊದಲು ಮುಗಿಸಿದರು ಎಂದು ನೋಡೋಣವೆಂದರೆ ಅದೂ ಆಗಲಿಲ್ಲ. ತಮ್ಮದು ಮೊದಲು ಮುಗಿದವರು ಕೈಕಟ್ಟಿ ನಿಲ್ಲದೆ ಪಕ್ಕದ ಹೊಲದ ಸಣ್ಣ ಗಂಟುಗಳನ್ನೂ ಎಳೆದು ಕೊಡುತ್ತಿದ್ದರು. ಮಾಸ್ತರರು ಶಿವಪ್ರಕಾಶನನ್ನು ಬದಿಗೆ ಕರೆದರು.

"ನಿಂದು ಆದ ಮ್ಯಾಲ ಅವ್ರ ಹೊಲಕ್ಕ ಯಾಕ ಹ್ವಾದೆಪ್ಪ? ಹೋಗದಿದ್ರ ಗೆಲ್ತಿದ್ದಿ."

ಹುಡುಗ ಅವರನ್ನೇ ಪಿಳಿಪಿಳಿ ನೋಡಿದ. "ಅವ್ರು ಬಂದಿದ್ರಲ್ರಿ ಸರ" ಎಂದ.

ಇವರೇನು ಸತ್ಯಹರಿಶ್ಚಂದ್ರನ ಮೊಮ್ಮಕ್ಕಳಲ್ಲ. ಇದೇ ಮಕ್ಕಳು ಪರೀಕ್ಷೆಯಲ್ಲಿ ಪಕ್ಕದವನ ಪೇಪರು ನೋಡುವಾಗ ಕಣ್ಣು ಕೂಡ ಮಿಟುಕಿಸುವುದಿಲ್ಲ. ಆದರೆ ಮುಯ್ಯಾಳು ಎಂದ ಕೂಡಲೇ ಅವರಿಗೆ ಅದು ಆಟವಾಗಿ ಉಳಿಯಲಿಲ್ಲ. ಜ್ವರದಲ್ಲಿ ಎದ್ದು ಹೋದವರ ಮನೆಯಲ್ಲೇ ಹುಟ್ಟಿದ ಆಟ, ಅದನ್ನು ಆಡುವವರೂ ಅಂಥ ಮನೆಗಳ ಮಕ್ಕಳೇ ಎಂಬುದು ನಮ್ಮಿಬ್ಬರ ತಲೆಗೆ ಹೊಳೆದೇ ಇರಲಿಲ್ಲ. ಜೀವಮಾನವಿಡೀ ಹುಡುಗರ ಕಳ್ಳಾಟ ಹಿಡಿದ ಮಾಸ್ತರರಿಗೆ, ಹುಡುಗರು ಕಳ್ಳಾಟ ಆಡದಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಬಸವೇಶ್ವರಿ ಮೇಡಂ ಹತ್ತಿರ ಬಂದರು. "ಸರ, ಆಟ ಭಾಳ ಚಂದ ಅದ್ರಿ. ಆದ್ರ ಮೂರು ತಾಲೂಕಿನಿಂದ ಒಂದೇ ಟೀಮ್ ಮುಂದ ಕಳಸಬೇಕು. ಎಲ್ಲಾ ಸಮ ಆದ್ರ ಯಾರನ್ನ ಕಳಸ್ಲಿ?"

"ಜೋಡಿ ಮಾಡ್ರಿ ಮೇಡಂ. ಎರಡು ಶಾಲೆ ಕೂಡಿ ಒಂದು ಟೀಮ್" ಎಂದು ನಾನು ಬಾಯಿ ಹಾಕಿದೆ.

"ಮ್ಯಾಲಿನವರು ಒಂದೇ ಶಾಲೆ ಹೆಸರು ಕೇಳ್ತಾರ್ರಿ. ಅದು ನನ್ನ ಕೈಯಾಗಿಲ್ಲ." ಅವರು ಮಾಸ್ತರರ ಕಡೆ ತಿರುಗಿದರು. "ಊಟ ಆಗೂತನ ವಿಚಾರ ಮಾಡ್ರಿ ಸರ. ಗೆದ್ದವ್ರು ಸಿಗೂ ಹಂಗ ಮಾಡಿದ್ರ ನಿಮ್ಮ ಆಟನೇ ಇಡ್ತೇನಿ. ಬುಟ್ಟಿ ಚೆಂಡು ಎಲ್ಲಾ ಕಡೀ ಅದ. ಇದು ಎಲ್ಲೀ ಇಲ್ಲ."

ಮಾಸ್ತರರು ರೊಟ್ಟಿ ಮುರಿದು ಮುರಿದು ಹಾಗೇ ತಟ್ಟೆಯಲ್ಲಿ ಗುಡ್ಡೆ ಹಾಕಿದರು. ಕೊನೆಗೆ ನಿಯಮ ಬದಲಿಸಿದರು. ಆಟದ ಹೊತ್ತು ಕಡಿಮೆ, ಒಂದೇ ಒಂದು ಮೂಟೆ ಎಳೆಯುವಷ್ಟು. ಸಣ್ಣ ಗಂಟುಗಳನ್ನು ಯಾರು ಮೊದಲು ಮುಗಿಸುತ್ತಾರೋ ಅವರು ಕರೆಯಬೇಕು, ಕರೆದರೆ ಬರಲೇಬೇಕು. ಸೀಟಿಯಾದ ಮೇಲೆ ಯಾರ ಗಾಲಿ ಮೊದಲು ಅಲುಗುತ್ತದೋ ಆ ತಂಡ ಔಟ್. ಮೇಡಂ ಕೇಳಿ ತಲೆಯಾಡಿಸಿದರು. "ಈಗ ಸರಿ ಆತು. ಚುರುಕು ಇದ್ದವ್ರು ಗೆಲ್ತಾರ." ಮಾಸ್ತರರ ಮುಖದಲ್ಲಿ ಬೆಳಗಿನ ಕಳೆ ಮತ್ತೆ ಬಂತು.

ಮಧ್ಯಾಹ್ನ ಅದೇ ಹಜರಾಬಿ, ಅದೇ ಶಿವಪ್ರಕಾಶ. ಈ ಸಲ ಪೈಪೋಟಿ ಖರೆಯಾಗಿಯೇ ಏರಿತು. ಹಜರಾಬಿ ಕೂದಲೆಳೆಯಷ್ಟು ಮುಂದೆ ಮುಗಿಸಿ ಕರೆದಳು. ಶಿವಪ್ರಕಾಶ ಬಂದ, ಎಣಿಸಿದರು, ಎಳೆದರು. ಮೂಟೆ ಕಣ ಮುಟ್ಟುವುದಕ್ಕೂ ಮಾಸ್ತರರು ಸೀಟಿ ಊದುವುದಕ್ಕೂ ಸರಿಹೋಯಿತು. ಭೂಸನೂರು ಗೆದ್ದಿತು! ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಖುಷಿಗೆ ಪಕ್ಕದವರ ತೋಳು ಹಿಡಿದು ಅಲುಗಾಡಿಸಿದೆ.

ಆಗ ಹಜರಾಬಿಯ ರೋಬೋಟು ಮೆಲ್ಲಗೆ ತಿರುಗಿತು. ಹಗ್ಗ ದಾಟಿ ಶಿವಪ್ರಕಾಶನ ಹೊಲದೊಳಗೆ ಹೋಯಿತು.

"ಏ ಅವ್ವ, ಟೈಮ್ ಮುಗೀತು!" ಎಂದರು ಮಾಸ್ತರರು.

ಅವಳು ತಲೆ ಎತ್ತಲಿಲ್ಲ. "ಟೈಮ್ ಮುಗೀತ್ರಿ ಸರ. ಅವ್ರ ಮೂಟಿ ಅಲ್ಲೇ ಅದಲ್ರಿ."

"ಗಾಲಿ ಅಲುಗಿದ್ರ ಔಟ್ ಆಗ್ತಿ. ಗೆದ್ದಿದ್ದು ಹೋಗ್ತದ."

"ಹೋಗ್ಲಿ ಬಿಡ್ರಿ."

ಶಿವಪ್ರಕಾಶನೂ ಆಗಲೇ ತನ್ನ ರೋಬೋಟನ್ನು ಹೊಲದ ಕಡೆ ತಿರುಗಿಸಿದ್ದ. ಇಬ್ಬರೂ ಎಣಿಸಲು ಶುರುಮಾಡಿದರು. ಎಲ್ಲರ ಕಣ್ಣೂ ಮಾಸ್ತರರ ಮೇಲೆ. ಸೀಟಿ ಅವರ ತುಟಿಯ ನಡುವೆ ಇತ್ತು. ಒಮ್ಮೆ ಊದಿದ್ದರೆ ಸಾಕಿತ್ತು. ಮೊದಲು ಅಲುಗಿದ ಭೂಸನೂರು ಔಟ್, ಚೌಡಾಪುರ ಗೆದ್ದಂತೆ, ಗೆದ್ದವರು ಸಿಕ್ಕಂತೆ, ಆಟ ಅವರದಾದಂತೆ. ತಂಗಿಯ ಮಗನಿಗೇ ಊದಿದವರು ಇವರು. ಊದ್ರಿ, ಊದ್ರಿ ಸರ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ, ನನಗೇನೂ ನಾಚಿಕೆಯಿಲ್ಲ.

ಮಾಸ್ತರರು ಸೀಟಿಯನ್ನು ಬಾಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಮೂಟೆ ಕಣ ಸೇರುವವರೆಗೂ ಕೈ ಹಿಂದೆ ಕಟ್ಟಿ ನಿಂತು ನೋಡಿದರು. ಆಮೇಲೆ ಬಸವೇಶ್ವರಿ ಮೇಡಂ ಹತ್ತಿರ ಹೋದರು.

"ಮೇಡಂ, ಈ ಆಟ ನಿಮ್ಮ ಸ್ಪರ್ಧಾಕ್ಕ ಹೊಂದಂಗಿಲ್ರಿ. ಬುಟ್ಟಿ ಚೆಂಡೇ ಇಡ್ರಿ."

ಮೇಡಂ ಅವರ ಕಣ್ಣಲ್ಲೂ ನೋವಿತ್ತು. ಆದರೆ ಬೇರೆ ದಾರಿ ಅವರಿಗೂ ಕಾಣಲಿಲ್ಲ, ಚೆಂಡು-ಬುಟ್ಟಿಯೇ ಆಯ್ಕೆಯಾಯಿತು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತಾವಾಗಿಯೇ ಚೆಲ್ಲಿದ್ದು ಎಂದು ಅವರ ಮೇಲೆ ಹರಿಹಾಯ್ದೆ. ದೊಡ್ಡ ಮಾತಿನಲ್ಲಿ ಏನಾದರೂ ಉತ್ತರ ಕೊಟ್ಟಾರು ಎಂದುಕೊಂಡಿದ್ದೆ. ಹಲಗೆಯನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಿದ್ದವರು "ಊದಬೇಕಿತ್ತೇನ್ರಿ ಟೀಚರ?" ಎಂದು ಕೇಳಿದರು. ಅದನ್ನು ಕೇಳಿ ನನ್ನ ಸಿಟ್ಟು ಜರ್ರನೆ ಇಳಿಯಿತು.

ಆಮೇಲೆ ಅವರು ಲ್ಯಾಬಿನ ಕಡೆ ಬರುವುದನ್ನೇ ಬಿಟ್ಟರು. ಹಲಗೆ ನನ್ನ ಕಪಾಟಿನ ಹಿಂದೆ ಧೂಳು ತಿನ್ನುತ್ತಿತ್ತು. ಮೈದಾನದಲ್ಲಿ ಸೀಟಿ ಊದುತ್ತಿದ್ದರು, ಆದರೆ ಔಟಾದ ಹುಡುಗರು ಜಗಳಕ್ಕೆ ಬಂದರೆ ಮೊದಲಿನ ಹಾಗೆ ಗದರಿಸುತ್ತಿರಲಿಲ್ಲ. ನಿಂಬೆವ್ವ ನನ್ನ ಮುಂದೆ ಅತ್ತುಕೊಂಡರು. "ಮನ್ಯಾಗೂ ಮಾತಿಲ್ರಿ ಟೀಚರ. ನಾ ಅವತ್ತ ಜ್ವರದಾಗ ಹೋಗಬಾರದಿತ್ತು" ಎಂದರು. ನನಗೆ ಅವರನ್ನು ಕಂಡು ಪಾಪ ಅನ್ನಿಸಿತು, ನಗುವೂ ಬಂತು.

ಬೇಸಿಗೆಯಲ್ಲಿ ಭೂಸನೂರಿನಲ್ಲಿ ಮಾಸ್ತರರ ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ನನಗೂ ಕರೆ ಬಂದಿತ್ತು, ನಿಂಬೆವ್ವನ ಜೊತೆ ಹೋದೆ. ಕಾರ್ಖಾನೆಯ ಹಂಗಾಮು ಮುಗಿದು ರಸ್ತೆ ಖಾಲಿಯಾಗಿತ್ತು. ಉಂಡು ಎದ್ದ ಮೇಲೆ ಮಾಸ್ತರರು ಕಾಣಲಿಲ್ಲ. ಹುಡುಕುತ್ತ ಹೋದರೆ ಹಿಂದಿನ ಓಣಿಯ ತಿರುವಿನಲ್ಲಿ ಮರಗಟ್ಟಿ ನಿಂತಿದ್ದರು.

ಬೇವಿನ ನೆರಳಲ್ಲಿ ಸಣ್ಣ ಮಕ್ಕಳು ಆಡುತ್ತಿದ್ದರು. ನೆಲದ ಮೇಲೆ ಬೂದಿಯಲ್ಲಿ ಎರಡು ಹೊಲ ಬರೆದಿತ್ತು, ನಡುವೆ ಒಂದು ಗೆರೆ. ಹೊಲದ ತುಂಬ ಇಟ್ಟಿಗೆ ಚೂರು, ಮೂಲೆಯಲ್ಲಿ ಕಣ, ಒಂದೊಂದು ಕಡೆ ಮಣ್ಣು ತುಂಬಿದ ಒಂದೊಂದು ಗೊಬ್ಬರದ ಚೀಲ. ರೋಬೋಟು ಎಲ್ಲಿಂದ ಬರಬೇಕು? ಮಕ್ಕಳೇ ರೋಬೋಟಾಗಿದ್ದರು. ಸೊಂಟಕ್ಕೆ ಹಗ್ಗ ಬಿಗಿದು, ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲಿ ಟುರ್ರ್ ಎಂದು ಮೋಟಾರು ಓಡಿಸುತ್ತ ಎಳೆಯುತ್ತಿದ್ದರು. ಕೈ ಬಿಚ್ಚಿದವರನ್ನು ಹೊರಗೆ ಹಾಕುತ್ತಿದ್ದರು. "ಬರ್ರೆಪ್ಪೋ ನಮ್ಮ ಹೊಲಕ್ಕ!" ಎಂದು ಒಬ್ಬ ಹಜರಾಬಿಯ ಹಾಗೆಯೇ ಕೂಗಿದ. ಆಚೆಯವರು ಗೆರೆ ದಾಟಿ ಬಂದರು.

ನಾನು ಮಾಸ್ತರರ ಮುಖ ನೋಡಿದೆ. ಅವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದೇ ಅನುಮಾನವಾಯಿತು.

ಈಚೆಯ ಚೀಲ ಕಣ ಸೇರಿತು. ಅಷ್ಟರಲ್ಲಿ ಯಾವುದೋ ಮನೆಯಿಂದ ಒಬ್ಬ ತಾಯಿ ಊಟಕ್ಕೆ ಕರೆದಳು. ಈಚೆಯ ಒಬ್ಬ ಹುಡುಗ ಹಗ್ಗ ಬಿಚ್ಚಿ ಬಿಸಾಕಿ ಓಡಿದ. ಎಲ್ಲರಿಗೂ ಹುಕುಂ ಕೊಡುತ್ತಿದ್ದ, ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದಳು. "ಇವ್ರದು ಒಂದು ಮುಯ್ಯಿ ಬಾಕಿ! ನಾಳಿ ಮೊದ್ಲ ಅವ್ರ ಹೊಲದಿಂದ ಸುರು!"

ಮಾಸ್ತರರಿಗೆ ತಡೆಯಲಾಗಲಿಲ್ಲ. "ಹಂಗಲ್ಲವ್ವ. ಆಟ ಅಂದ್ರ ಇವತ್ತಿಂದು ಇವತ್ತೇ ಮುಗೀಬೇಕು. ನಾಳಿಗಿ ಉಳಸಂಗಿಲ್ಲ."

"ಮುಯ್ಯಿ ತೀರಲಾರದ ಹ್ಯಾಂಗ ಮುಗೀತದ?"

"ಮತ್ತ ಗೆಲ್ಲೂದು ಯಾರವ್ವ?"

ಹುಡುಗಿ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಿಮಗ ಈ ಆಟ ಬರಂಗಿಲ್ಲ. ಸುಮ್ಕಿರ್ರಿ ಕಾಕಾ."

ನನಗೆ ರೇಗಿತು. ಇವರು ಯಾರೆಂದು ಗೊತ್ತೇನೇ ನಿನಗೆ ಎಂದು ಬಾಯಿ ತೆರೆದೆ. ಮಾಸ್ತರರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನ್ನ ಕಣ್ಣೂ ತುಂಬಿ ಬಂತು.

"ಹೌದವ್ವ, ನನಗ ಬರಂಗಿಲ್ಲ" ಎಂದರು ಮಾಸ್ತರರು. "ಕಲಸ್ತಿಯೇನು?"

ಅವಳು ಸ್ವಲ್ಪ ಯೋಚಿಸಿದಳು. ಓಡಿಹೋದ ಹುಡುಗನ ಹಗ್ಗವನ್ನು ನೆಲದಿಂದ ಎತ್ತಿ ಅವರ ಕೈಗೆ ಕೊಟ್ಟಳು.

"ಸೊಂಟಕ್ಕ ಕಟ್ಕೋರಿ. ನಿಮ್ಮ ಕಡೀದು ಒಂದು ಬಾಕಿ ಅದ. ಮೊದ್ಲ ಅವ್ರ ಹೊಲಕ್ಕ ಹೋಗಿ ತೀರಿಸಿ ಬರ್ರಿ."

ಮಾಸ್ತರರು ಹಗ್ಗ ಕಟ್ಟಿಕೊಂಡು ಗೆರೆ ದಾಟಿದರು.